ಸಣ್ಣಕಥೆಯಿಂದ ಕಿರುಚಿತ್ರಕ್ಕೆ: ಮೊದಲು ಕ್ರಿಯಾಪದಗಳನ್ನು ಓದಿ

ಕಥೆಯೊಂದನ್ನು ಆರಿಸಿಕೊಂಡ ಕೂಡಲೇ ಚಿತ್ರಕಥೆ ಬರೆಯಲು ಕೂರದೆ, ಅದನ್ನು ಜೆರಾಕ್ಸ್ ಮಾಡಿಸಿಕೊಂಡು, ಕ್ರಿಯಾಪದಗಳ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆಯುತ್ತ ಓದಬೇಕು. ‘ಬಾಗಿಲು ತೆರೆದಳು’, ‘ಪತ್ರ ಹರಿದ’ ಎಂಬಂಥವು ಕ್ಯಾಮೆರಾಕ್ಕೆ ನೇರವಾಗಿ ದಕ್ಕುತ್ತವೆ; ‘ಅನ್ನಿಸಿತು’, ‘ಗೊತ್ತಿತ್ತು’ ಎಂಬಂಥವು ದಕ್ಕುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಕಾಡುವುದು ‘ಹೋಗುತ್ತಿದ್ದ’, ‘ಕಾಯುತ್ತಿದ್ದಳು’ ಎಂಬ ರೂಪ. ‘ಪ್ರತಿ ಸೋಮವಾರ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದ’ ಎಂದು ಕಥೆಗಾರರು ಒಂದೇ ಸಾಲಿನಲ್ಲಿ ಎರಡು ವರ್ಷ ದಾಟಿಸಿಬಿಡಬಹುದು, ಆದರೆ ಕ್ಯಾಮೆರಾದ ಮುಂದೆ ಇರುವುದು ಯಾವುದೋ ಒಂದು ಸೋಮವಾರ ಮಾತ್ರ. ಉಳಿದ ಸೋಮವಾರಗಳೆಲ್ಲ ಅದರೊಳಗೇ ಕಾಣಬೇಕು: ಗುಮಾಸ್ತ ತಲೆಯೆತ್ತಿ ‘ನಾಳೆ ಬನ್ನಿ’ ಎನ್ನುವ ಮೊದಲೇ ಆತ ಬೆಂಚಿನಿಂದೆದ್ದು ಚಪ್ಪಲಿ ಮೆಟ್ಟಿಕೊಂಡರೆ ಸಾಕು.

ಮನಸ್ಸಿನೊಳಗಿನ ವಾಕ್ಯಗಳಿಗೂ ಇದೇ ಉಪಾಯ. ‘ಮಗ ಈ ಹಬ್ಬಕ್ಕೂ ಬರಲಾರನೆಂದು ಅವಳಿಗೆ ಗೊತ್ತಿತ್ತು’ ಎಂಬುದನ್ನು ಹಿನ್ನೆಲೆ ಧ್ವನಿಯಲ್ಲಿ ಓದಿಸುವುದು ಸುಲಭ, ಸಪ್ಪೆಯೂ ಹೌದು. ಅದರ ಬದಲು ಆಕೆ ಒಂದು ಪಾವು ಅಕ್ಕಿಯನ್ನು ಪಾತ್ರೆಗೆ ಹಾಕಿ, ಎರಡನೆಯದನ್ನು ಅಳೆದು, ಕೈ ತಡೆದು, ಮತ್ತೆ ಡಬ್ಬಕ್ಕೇ ಸುರಿಯಲಿ. ಹಿನ್ನೆಲೆ ಧ್ವನಿ ಬೇಕೇ ಬೇಕೆನಿಸಿದರೆ, ಅದಿಲ್ಲದೆ ಒಮ್ಮೆ ಸಂಕಲನ ಮಾಡಿ ನೋಡಿದ ಮೇಲೆ ನಿರ್ಧರಿಸುವುದು ಲೇಸು.

ಚಿತ್ರಕಥೆಯ ಒಂದು ಪುಟಕ್ಕೆ ಸುಮಾರು ಒಂದು ನಿಮಿಷವೆಂಬುದು ರೂಢಿಯ ಲೆಕ್ಕ. 15 ನಿಮಿಷದ ಚಿತ್ರದಲ್ಲಿ ಮೂರು ತಲೆಮಾರು ಹಿಡಿಸುವುದಿಲ್ಲ. ಪಾತ್ರಗಳನ್ನು ಕಡಿಮೆ ಮಾಡುವಾಗ ಮರುಕ ಬೇಡ. ಸಂಭಾಷಣೆಯನ್ನು ಮಾತ್ರ ಗಟ್ಟಿಯಾಗಿ ಓದಿ ನೋಡಲೇಬೇಕು, ಏಕೆಂದರೆ ಪುಟದ ಮೇಲೆ ಸಹಜವೆನಿಸಿದ ಗ್ರಾಂಥಿಕ ಕನ್ನಡ ಹುಬ್ಬಳ್ಳಿಯ ಅಜ್ಜಿಯ ಬಾಯಲ್ಲಿ ವರದಿ ಓದಿದಂತೆ ಕೇಳಿಸುತ್ತದೆ.

ಇನ್ನು ಹಕ್ಕಿನ ವಿಷಯ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಲೇಖಕರು ಬದುಕಿದ್ದಾಗ ಪ್ರಕಟವಾದ ಕಥೆಯ ಹಕ್ಕು ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ. 1937ರಲ್ಲಿ ನಿಧನರಾದ ಪಂಜೆ ಮಂಗೇಶರಾಯರ ಅಂಥ ಕಥೆಗಳಿಗೆ ಈಗ ಯಾರ ಅನುಮತಿಯೂ ಬೇಕಿಲ್ಲ. 1986ರಲ್ಲಿ ನಿಧನರಾದ ಮಾಸ್ತಿಯವರ ಕಥೆಗಳಿಗೆ 2046ರ ಕೊನೆಯವರೆಗೂ ಬೇಕು. ದುಡ್ಡು ಮಾಡುವ ಉದ್ದೇಶವಿಲ್ಲವೆಂಬುದು ಇಲ್ಲಿ ವಿನಾಯಿತಿಯಲ್ಲ. ಹಕ್ಕುದಾರರು ಫೋನಿನಲ್ಲಿ ‘ಮಾಡಿಕೊಳ್ಳಿ’ ಎಂದಷ್ಟಕ್ಕೇ ಚಿತ್ರೀಕರಣಕ್ಕೆ ಇಳಿಯದೆ, ಚಿತ್ರೋತ್ಸವ ಮತ್ತು ಯೂಟ್ಯೂಬ್ ಎರಡನ್ನೂ ಹೆಸರಿಸಿದ, ಅವಧಿ ನಮೂದಿಸಿದ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬೇಕು.