ಮೌಲ್ಯ ಶಿಕ್ಷಣದ ಫಲವನ್ನು ಅಳೆಯಲು ಹೊರಟಾಗ

ಎಂಟನೇ ತರಗತಿಗೆ ವಾರಕ್ಕೊಂದು ಅವಧಿಯಂತೆ ವರ್ಷವಿಡೀ ಮೌಲ್ಯ ಶಿಕ್ಷಣ ನಡೆಸಿದ ಮೇಲೆ, ಮಕ್ಕಳಲ್ಲಿ ಏನು ಬದಲಾಯಿತೆಂದು ತಿಳಿಯಲು ನಾನು ಮೊದಲು ಒಂದು ಪ್ರಶ್ನಾವಳಿ ಕೊಟ್ಟೆ. ಬೇರೆಯವರ ವಸ್ತು ಸಿಕ್ಕಿದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರೂ ‘ಹೆಡ್‌ಮಾಸ್ಟರಿಗೆ ಕೊಡುತ್ತೇವೆ’ ಎಂದೇ ಬರೆದಿದ್ದರು. ಟೀಚರಿಗೆ ಯಾವ ಉತ್ತರ ಬೇಕೆಂಬುದು ಮಕ್ಕಳಿಗೆ ಗೊತ್ತಿದೆ ಎಂಬುದಷ್ಟೇ ಆ ಹಾಳೆಗಳಿಂದ ನನಗೆ ತಿಳಿಯಿತು.

ಮರುವರ್ಷ ಪಾಠಕ್ಕೂ ಮೊದಲೇ ಅಳತೆ ಆರಂಭಿಸಿದೆ. ‘ಎ’ ಮತ್ತು ‘ಬಿ’ ಎರಡೂ ವಿಭಾಗಗಳಲ್ಲಿ ಒಂದೊಂದು ಪ್ರಾಮಾಣಿಕತೆಯ ಅಂಗಡಿ ಇಟ್ಟೆವು: 5 ರೂಪಾಯಿಯ ಪೆನ್ಸಿಲ್, 2 ರೂಪಾಯಿಯ ರಬ್ಬರ್, ಗೋಡೆಗೆ ದರಪಟ್ಟಿ, ಪಕ್ಕದಲ್ಲಿ ಒಂದು ಹುಂಡಿ, ಕಾವಲಿಗೆ ಯಾರೂ ಇಲ್ಲ. ಲೆಕ್ಕ ನೋಡುತ್ತೇವೆ, ಹೆಸರು ಬರೆಯುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿದ್ದೆವು. ಮೊದಲ ತಿಂಗಳು ಬರೀ ಲೆಕ್ಕ. ಆಮೇಲೆ ‘ಎ’ ವಿಭಾಗಕ್ಕೆ ಪಾಠ, ‘ಬಿ’ಗೆ ದಸರಾ ರಜೆಯ ನಂತರ. ಹುಂಡಿಗಳಿಗೆ ವಿಭಾಗದ ಹೆಸರಿನ ಬದಲು ಬಣ್ಣದ ಗುರುತು ಹಾಕಿ, ಎಣಿಕೆಯನ್ನು ಆ ತರಗತಿಗೆ ಹೋಗದ ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿದೆ. ನಾನೇ ಎಣಿಸಿದ್ದರೆ ನನ್ನ ಆಸೆಯೂ ಲೆಕ್ಕದಲ್ಲಿ ಸೇರಿಕೊಳ್ಳುತ್ತಿತ್ತು.

ಮೊದಲ ವಾರ ಪ್ರತಿ ಸಂಜೆಯೂ ಎಣಿಸಿ, ಕೊರತೆಯನ್ನೆಲ್ಲ ಅಪ್ರಾಮಾಣಿಕತೆಯೆಂದೇ ಬರೆದುಕೊಂಡೆವು. ಒಂದು ಬೆಳಿಗ್ಗೆ ಪ್ರಾರ್ಥನೆಗೂ ಮೊದಲೇ ಬಂದ ಹುಡುಗಿಯೊಬ್ಬಳು ಮುಷ್ಟಿಯಲ್ಲಿ ಬೆವೆತ 5 ರೂಪಾಯಿ ನಾಣ್ಯವನ್ನು ಹುಂಡಿಗೆ ಹಾಕಿ, ನನ್ನನ್ನು ನೋಡಿ, “ನಿನ್ನೆ ದುಡ್ಡಿರ್ಲಿಲ್ಲ ಮಿಸ್, ಪೆನ್ಸಿಲ್ ಬೇಕೇ ಬೇಕಿತ್ತು” ಎಂದಳು. ನಮ್ಮ ಪುಸ್ತಕದಲ್ಲಿ ಅವಳು ಹಿಂದಿನ ಸಂಜೆಯೇ ಕಳ್ಳಿಯಾಗಿದ್ದಳು. ಅಂದಿನಿಂದ ಎಣಿಕೆಯನ್ನು ವಾರಕ್ಕೊಮ್ಮೆ, ಸೋಮವಾರಕ್ಕೆ ಬದಲಿಸಿದೆವು.

ದಸರೆಯ ಹೊತ್ತಿಗೆ ‘ಎ’ ವಿಭಾಗದ ಕೊರತೆ ಇಳಿದಿತ್ತು. ಆದರೆ ಪಾಠವೇ ಇಲ್ಲದ ‘ಬಿ’ಯಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ‘ಬಿ’ಯ ಲೆಕ್ಕ ಇಡದಿದ್ದರೆ ಆ ಇಳಿಕೆಯನ್ನೆಲ್ಲ ನನ್ನ ಪಾಠದ ಫಲವೆಂದೇ ವರದಿ ಮಾಡಿರುತ್ತಿದ್ದೆ.

ಇನ್ನೊಂದು ಪ್ರಯೋಗವನ್ನು ಒಮ್ಮೆ ಮಾಡಿ ಕೈಬಿಟ್ಟೆ. ಉಕ್ತಲೇಖನದ ಹಾಳೆಗಳ ಫೋಟೋ ತೆಗೆದಿಟ್ಟುಕೊಂಡು, ಮಕ್ಕಳೇ ತಮ್ಮ ಹಾಳೆಗೆ ಅಂಕ ಹಾಕಲಿ ಎಂದು ಹಿಂದಿರುಗಿಸಿದಾಗ, ಅಂಗಡಿಯಲ್ಲಿ ಅಷ್ಟು ಚೆನ್ನಾಗಿ ನಡೆದುಕೊಂಡ ‘ಎ’ ವಿಭಾಗದಲ್ಲೇ ತಿದ್ದಿದ ಕಾಗುಣಿತಗಳು ಸಾಕಷ್ಟು ಕಂಡವು. 1928ರಿಂದ 1930ರವರೆಗೆ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಸಾವಿರಾರು ಮಕ್ಕಳನ್ನು ಇಂಥ ಪರೀಕ್ಷೆಗಳಿಗೆ ಒಡ್ಡಿ, ಒಂದು ಸಂದರ್ಭದ ಪ್ರಾಮಾಣಿಕತೆ ಇನ್ನೊಂದು ಸಂದರ್ಭಕ್ಕೂ ಬಂದೇ ಬರುತ್ತದೆ ಎನ್ನಲಾಗದೆಂದು ಕಂಡುಕೊಂಡಿದ್ದರು. ನನ್ನ ತರಗತಿಯಲ್ಲೂ ಅದೇ ಕಂಡಿತು. ಆದರೆ ಪ್ರಾಮಾಣಿಕತೆಯನ್ನು ಅಳೆಯಲೆಂದು ಮಕ್ಕಳಿಂದ ನಾನೇ ವಿಷಯ ಮುಚ್ಚಿಟ್ಟದ್ದು ಮನಸ್ಸಿಗೆ ಒಗ್ಗಲಿಲ್ಲ. ಫೋಟೋಗಳನ್ನು ಅಳಿಸಿ, ಮಾಡಿದ್ದನ್ನು ತರಗತಿಯಲ್ಲಿ ಹೇಳಿ, ಕ್ಷಮೆ ಕೇಳಿದೆ.

ವರದಿಯಲ್ಲಿ ಎರಡೂ ವಿಭಾಗಗಳ ಲೆಕ್ಕವನ್ನು ಅಕ್ಕಪಕ್ಕದಲ್ಲೇ ಕೊಟ್ಟು, ಅಂಗಡಿಯ ಮಟ್ಟಿಗೆ ಪಾಠದ ಪರಿಣಾಮ ಕಂಡಿಲ್ಲವೆಂದು ಬರೆದೆ. ಯಾವ ಮಗುವಿಗೂ ಪ್ರಾಮಾಣಿಕತೆಯ ಶ್ರೇಣಿ ಕೊಡಲಿಲ್ಲ. ಈ ವರ್ಷ ನಕಲಿನ ಕುರಿತ ಚರ್ಚೆಯನ್ನು ನೀತಿಕಥೆಯ ಅವಧಿಯಿಂದ ತೆಗೆದು, ಕಿರುಪರೀಕ್ಷೆಯ ಮುಂಚಿನ ಹತ್ತು ನಿಮಿಷಕ್ಕೆ ತಂದಿದ್ದೇನೆ. ಅದರ ಲೆಕ್ಕ ಜೂನ್‌ನಿಂದಲೇ, ಎರಡೂ ವಿಭಾಗಗಳಲ್ಲಿ, ಮಕ್ಕಳಿಗೆ ತಿಳಿಸಿಯೇ ನಡೆಯುತ್ತಿದೆ.