ಹೃದಯ ಕಸಿಗೆ ಕಾಯುವ ಮಗುವಿಗೆ ರಕ್ತ ಏರಿಸುವ ಮುನ್ನ

ನಾನು ಹಾಸನದಲ್ಲಿ ಮಕ್ಕಳ ವೈದ್ಯೆ. ಹೃದಯ ಕಸಿ ಆಗುವುದು ಬೆಂಗಳೂರಿನಲ್ಲಿ. ಆದರೆ ಹೆಸರು ಬರೆಸಿ ಕಾಯುವ ಮಕ್ಕಳಲ್ಲಿ ಕೆಲವರು ತಿಂಗಳುಗಟ್ಟಲೆ ಇರುವುದು ನಮ್ಮ ಕಣ್ಣೆದುರಿಗೇ. ಸಿಕ್ಕ ಹೃದಯ ಹೊಂದುತ್ತದೋ ಇಲ್ಲವೋ ಅನ್ನೋದರಲ್ಲಿ ಈ ಕಾಯುವ ದಿನಗಳ ಪಾಲು ದೊಡ್ಡದು.

ನಾನು ನೋಡಿಕೊಂಡ ಹುಡುಗ ಅರಕಲಗೂಡು ಕಡೆಯವನು. ಹೃದಯದ ಸ್ನಾಯು ಸೋತು, ಹೃದಯ ಹಿಗ್ಗಿಹೋಗಿತ್ತು. ಅವನ ತಾಯಿ ಕೇಳಿದರು: "ಮೇಡಂ, ಕಿಡ್ನಿಗೆ ಟಿಶ್ಯೂ ಮ್ಯಾಚ್ ಮಾಡ್ತಾರಂತೆ. ಇವನಿಗೂ ಹಂಗೇ ಹುಡುಕ್ತಾರಾ?"

"ಪೂರ್ತಿ ಹಂಗಲ್ಲಮ್ಮ" ಅಂದೆ. ಕಿಡ್ನಿಗಾದರೆ ಎಚ್‌ಎಲ್‌ಎ ಗುರುತುಗಳನ್ನು (ಜೀವಕೋಶಗಳ ಮೇಲಿದ್ದು, ಇದು ನನ್ನದು, ಇದು ಪರರದು ಅಂತ ದೇಹಕ್ಕೆ ತಿಳಿಸುವಂಥವು) ಹೋಲಿಸಿ ನೋಡಲು ಸಮಯ ಸಿಗುತ್ತದೆ. ಹೃದಯ ಹಾಗಲ್ಲ. ದಾನಿಯಿಂದ ತೆಗೆದ ಸುಮಾರು 4 ಗಂಟೆಯೊಳಗೆ ಅದು ಇನ್ನೊಂದು ಎದೆಯಲ್ಲಿ ಬಡಿಯಬೇಕು. ಮಕ್ಕಳಿಗೆ ದಾನಿ ಸಿಗುವುದೇ ಅಪರೂಪ. ಹಾಗಾಗಿ ಮೊದಲು ನೋಡುವುದು ರಕ್ತದ ಗುಂಪು ಮತ್ತು ಗಾತ್ರ. ಹೃದಯ ಹಿಗ್ಗಿದ ಮಗುವಿನ ಎದೆಯಲ್ಲಿ ಜಾಗ ಜಾಸ್ತಿ ಇರುತ್ತದೆ, ತನಗಿಂತ ಹೆಚ್ಚು ತೂಕದ ದಾನಿಯ ಹೃದಯವೂ ಹಿಡಿಸಬಹುದು. ಎಳೆ ಕೂಸುಗಳಲ್ಲಿ ಬೇರೆ ಗುಂಪಿನ ವಿರುದ್ಧದ ಪ್ರತಿಕಾಯಗಳು (ಹೊರಗಿನದರ ಮೇಲೆ ಹೋರಾಡಲು ದೇಹ ತಯಾರಿಸುವ ಪ್ರೋಟೀನುಗಳು) ಇನ್ನೂ ಬಲಿತಿರುವುದಿಲ್ಲ. ಅದಕ್ಕೇ ಕೆನಡಾದ ಟೊರೊಂಟೊದಲ್ಲಿ ವೈದ್ಯೆ ಲೋರಿ ವೆಸ್ಟ್ ಅವರ ತಂಡ ಗುಂಪು ಸೇರದ ಹೃದಯವನ್ನೂ ಕೂಸುಗಳಿಗೆ ಕಸಿ ಮಾಡಿ, 2001ರಲ್ಲಿ ಪ್ರಕಟಿಸಿತು. ನಮ್ಮ ಹುಡುಗ ಶಾಲೆಗೆ ಹೋಗುವವನು, ಆ ದಾರಿ ಇರಲಿಲ್ಲ.

ಎಚ್‌ಎಲ್‌ಎ ಅಡ್ಡ ಬರುವುದು ಬೇರೆ ರೀತಿ. ಯಾರದೋ ರಕ್ತ ಏರಿಸಿದಾಗ ಅದರ ಬಿಳಿ ಕಣಗಳ ಎಚ್‌ಎಲ್‌ಎ ಕಂಡು ಮಗುವಿನ ದೇಹ ಪ್ರತಿಕಾಯ ಕಟ್ಟಿಕೊಳ್ಳಬಹುದು. ಆಮೇಲೆ ಅದೇ ಗುರುತಿನ ದಾನಿ ಬಂದರೆ, ಆ ಹೃದಯ ಕೈತಪ್ಪಬಹುದು. ಲ್ಯಾಬಿನಲ್ಲಿ ಇದನ್ನು ಸಣ್ಣ ಮಣಿಗಳಿಂದ ಪತ್ತೆ ಮಾಡುತ್ತಾರೆ. ಒಂದೊಂದು ಬಗೆಯ ಮಣಿಗೂ ಒಂದೊಂದು ಎಚ್‌ಎಲ್‌ಎ ಅಂಟಿಸಿರುತ್ತಾರೆ. ಮಗುವಿನ ಸೀರಂ (ರಕ್ತದ ತಿಳಿ ದ್ರವ) ಬೆರೆಸಿದಾಗ ಯಾವ ಮಣಿ ಹೊಳೆಯಿತೋ, ಆ ಗುರುತು ಬೇಡದ ಪಟ್ಟಿಗೆ. ದಾನಿ ಸಿಕ್ಕ ರಾತ್ರಿ ಅವರ ಎಚ್‌ಎಲ್‌ಎಯನ್ನು ಈ ಪಟ್ಟಿಯ ಜೊತೆ ತಾಳೆ ನೋಡಿದರೆ ಆಯಿತು. ಅದೇ ವರ್ಚುವಲ್ ಕ್ರಾಸ್‌ಮ್ಯಾಚ್.

ಆ ಪಟ್ಟಿ ಉದ್ದ ಆಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಹುಡುಗನ ಹಿಮೋಗ್ಲೋಬಿನ್ 8ಕ್ಕೆ ಇಳಿದಾಗ ವಾರ್ಡಿನಲ್ಲಿ ಒಂದು ಬಾಟಲಿ ರಕ್ತಕ್ಕೆ ಚೀಟಿ ತಯಾರಾಗಿತ್ತು. ಅವನು ಆರಾಮಾಗಿ ಉಸಿರಾಡುತ್ತಿದ್ದ, ಊಟ ಮಾಡುತ್ತಿದ್ದ. ಕಬ್ಬಿಣದ ಅಂಶ ಕಡಿಮೆ ಇತ್ತು. ಬೆಂಗಳೂರಿನ ತಂಡವನ್ನು ಕೇಳಿ, ಚೀಟಿ ತಡೆದು, ನರಕ್ಕೆ ಕಬ್ಬಿಣದ ಡ್ರಿಪ್ ಹಾಕಿದೆವು. ಫೈಲಿನ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ: "ಕಸಿಗೆ ಕಾಯುತ್ತಿರುವ ಮಗು. ಕೇಳದೆ ರಕ್ತ ಬೇಡ. ಕೊಡಲೇಬೇಕಾದರೆ ಬಿಳಿ ಕಣ ಸೋಸಿದ, ಇರೇಡಿಯೇಟ್ ಮಾಡಿದ ರಕ್ತ." ಇರೇಡಿಯೇಟ್ ಅಂದರೆ ವಿಕಿರಣ ಹಾಯಿಸಿ, ಉಳಿದ ಬಿಳಿ ಕಣ ಬೆಳೆಯದಂತೆ ಮಾಡುವುದು. ಜೀವಕ್ಕೇ ಕುತ್ತು ಬಂದರೆ ಬೇರೆ ಮಾತು, ಆಗ ಹಿಂದೆಮುಂದೆ ನೋಡಬಾರದು. ಆದರೆ ಏರಿಸಿದ್ದನ್ನು ಕಸಿ ತಂಡಕ್ಕೆ ತಿಳಿಸಿ, ಒಂದೆರಡು ವಾರ ಬಿಟ್ಟು ಪ್ರತಿಕಾಯ ಪರೀಕ್ಷೆಗೆ ಮತ್ತೆ ಸೀರಂ ಕಳಿಸಬೇಕು. ಸುಮ್ನೆ "ಸ್ವಲ್ಪ ಶಕ್ತಿ ಬರಲಿ" ಅಂತ ರಕ್ತ ಹಾಕುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಈ ಮಕ್ಕಳಿಗೆ ಅದು ಖಂಡಿತ ಬೇಡ.

ಹುಡುಗನಿಗೆ ಹೃದಯ ಸಿಕ್ಕಿತು. ಈಗ ಅವನು, ದೇಹ ಹೊಸ ಹೃದಯವನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆಯ ಮೇಲಿದ್ದಾನೆ. ಮಾತ್ರೆ ತಪ್ಪಿದರೆ ಹೊಸ ಹೃದಯದ ವಿರುದ್ಧವೇ ಪ್ರತಿಕಾಯ ಹುಟ್ಟಬಹುದು, ಹದಿಹರೆಯದಲ್ಲಂತೂ ಈ ಭಯ ಜಾಸ್ತಿ. ಮುಂದಿನ ಮಾತ್ರೆಗೆ ಮುಂಚೆ ಔಷಧಿ ಎಷ್ಟು ಉಳಿದಿದೆ ಅಂತ ನೋಡಲು ರಕ್ತ ತೆಗೆಯುವ ದಿನ ಬೆಳಗಿನ ಮಾತ್ರೆ ಮನೆಯಲ್ಲಿ ಕೊಡಬೇಡಿ ಅಂತ ತಾಯಿಗೆ ಪ್ರತಿ ಸಲ ಹೇಳುತ್ತೇನೆ. ಮಾತ್ರೆ ಚೀಲದಲ್ಲೇ ಇರಲಿ. ರಕ್ತ ಕೊಟ್ಟ ಕೂಡಲೇ ಅಲ್ಲೇ ನುಂಗಿಸಿ.