28 ಮಕ್ಕಳು, 30 ಲ್ಯಾಪ್‌ಟಾಪ್, ಒಂದೇ ಪ್ಲಗ್ ಪಾಯಿಂಟ್

ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ನಮ್ಮಲ್ಲಿ ಕಂಪ್ಯೂಟರ್ ಕೋಣೆ ಮೊದಲೇ ಇತ್ತು. ಕೆಲಸ ಮಾಡುವ ಕಂಪ್ಯೂಟರ್ ಆರು, ಒಂಬತ್ತನೇ ತರಗತಿಯಲ್ಲಿ ಮಕ್ಕಳು 28. ಒಂದೊಂದರ ಮುಂದೆ ನಾಲ್ಕೈದು ತಲೆ. ಮೌಸ್ ಮಾತ್ರ ಯಾವಾಗಲೂ ಒಬ್ಬನ ಕೈಯಲ್ಲೇ. ವರ್ಷದ ಕೊನೆಗೆ ಒಬ್ಬ ಹುಡುಗಿಯನ್ನು ಕರೆದು, ನಿನ್ನ ಹೆಸರು ಟೈಪ್ ಮಾಡವ್ವ ಅಂದೆ. ಸುಮ್ನೆ ನಿಂತಳು. "ನಾ ಒಮ್ಮೆನೂ ಮುಟ್ಟಿಲ್ಲರಿ ಸರ" ಅಂದಳು. ಹಂಚಿಕೊಂಡು ಕಲಿಯುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಹಿಂದೆ ನಿಂತು ನೋಡುವುದನ್ನೇ ನಾನು ಕಲಿಕೆ ಅಂದುಕೊಂಡಿದ್ದೆ, ಅಷ್ಟೇ.

ಬೆಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ತನ್ನ ಕಂಪನಿ ಹಳೇ ಲ್ಯಾಪ್‌ಟಾಪ್ ತೆಗೆದುಹಾಕುತ್ತಿದೆ ಅಂದ. 36 ಬಂದವು. ಎಲ್ಲದರ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡಿದ್ದರು. ತಮ್ಮ ಡೇಟಾ ಹೊರಗೆ ಹೋಗಬಾರದಲ್ವಾ. ಮೂರರ ಸ್ಕ್ರೀನ್ ಒಡೆದಿತ್ತು. ಇನ್ನು ಮೂರಕ್ಕೆ ಬಯೋಸ್ ಪಾಸ್‌ವರ್ಡ್, ಅಂದರೆ ಆನ್ ಮಾಡಿದ ಕೂಡಲೇ ಯಂತ್ರವೇ ಕೇಳುವ ಪಾಸ್‌ವರ್ಡ್ ಹಾಕಿತ್ತು, ಅದು ಯಾರಿಗೂ ನೆನಪಿಲ್ಲ. ಯಾರಾದರೂ ಹೀಗೆ ದಾನ ಕೊಡುತ್ತೇನೆ ಅಂದರೆ, ಗಾಡಿಗೆ ಹಾಕುವ ಮೊದಲೇ ಆ ಪಾಸ್‌ವರ್ಡ್ ತೆಗೆಸಿ. ಉಳಿದದ್ದು 30. ಮಕ್ಕಳಿಗೆ 28, ಕೆಟ್ಟಾಗ ಕೊಡಲು ಎರಡು.

ಹಾರ್ಡ್ ಡಿಸ್ಕ್ ಜಾಗಕ್ಕೆ ಹಾಕಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಿಂದ 240 ಜಿಬಿ ಎಸ್‌ಎಸ್‌ಡಿ ತರಿಸಿದೆವು. ಒಂದಕ್ಕೆ ಹತ್ತಿರ ಹತ್ತಿರ 1,500 ರೂಪಾಯಿ ಬಿತ್ತು. ಅರ್ಧ ದುಡ್ಡು ಹಳೆಯ ವಿದ್ಯಾರ್ಥಿಗಳದ್ದು, ಅರ್ಧ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಊರಲ್ಲಿ ಎತ್ತಿದ್ದು. ಈ ಲ್ಯಾಪ್‌ಟಾಪ್‌ಗಳ ಪ್ರೊಸೆಸರ್ ಎಲ್ಲ ಇಂಟೆಲ್ ಆರನೇ ಪೀಳಿಗೆಯವು. ವಿಂಡೋಸ್ 11ಕ್ಕೆ ಎಂಟನೇ ಪೀಳಿಗೆಯಾದರೂ ಬೇಕು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ಗೆ ಬೆಂಬಲ ಮುಗಿಯಿತು. ಹಾಗಾಗಿ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ. ಒಂದನ್ನು ಸರಿಯಾಗಿ ಸಿದ್ಧ ಮಾಡಿಕೊಂಡು, ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾ ತಂತ್ರಾಂಶದಿಂದ ಉಳಿದ 29ಕ್ಕೂ ಅದರ ನಕಲು ಇಳಿಸಿದೆ. ಎರಡು ಭಾನುವಾರದ ಕೆಲಸ.

ಇಷ್ಟು ಸಲೀಸಾಗಿ ಆಯಿತು. ಏಟು ಬಿದ್ದದ್ದು ಕರೆಂಟಿನಲ್ಲಿ. ಕೋಣೆಯಲ್ಲಿ ಉಪಯೋಗಕ್ಕೆ ಬರುತ್ತಿದ್ದದ್ದು 6 ಆಂಪಿಯರ್‌ನ ಒಂದೇ ಪ್ಲಗ್ ಪಾಯಿಂಟ್. ಅದಕ್ಕೆ ಎಕ್ಸ್‌ಟೆನ್ಷನ್ ಬಾಕ್ಸ್, ಆ ಬಾಕ್ಸ್‌ಗೆ ಮತ್ತೊಂದು ಬಾಕ್ಸ್. ಮೊದಲ ದಿನವೇ ಪ್ಲಾಸ್ಟಿಕ್ ಸುಟ್ಟ ವಾಸನೆ. ಗಣಿತ ಮೇಷ್ಟ್ರಾಗಿ ಲೆಕ್ಕ ಹಾಕಿದ್ದು ಆಮೇಲೆ, ನಾಚಿಕೆಯ ವಿಷಯ. ಒಂದು ಅಡಾಪ್ಟರ್ 65 ವ್ಯಾಟ್. 28 ಸೇರಿದರೆ 1,820. 230 ವೋಲ್ಟ್‌ನಲ್ಲಿ 6 ಆಂಪಿಯರ್ ಪಾಯಿಂಟ್ ತಾಳುವುದು 1,380. ಬೋರ್ಡ್ ಮೇಲೆ ಇದನ್ನೇ ಬರೆದು ಮಕ್ಕಳ ಕೈಯಲ್ಲೇ ಲೆಕ್ಕ ಮಾಡಿಸಿದೆ. ಹೆಡ್ ಮಾಸ್ತರನ್ನು ಒಪ್ಪಿಸಿ ವೈರ್‌ಮನ್ ಕರೆಸಿ ಬೇರೆ ಲೈನ್ ಎಳೆಸಿದೆವು. ಅಲ್ಲಿಯವರೆಗೆ ಪಾಳಿ: ಪ್ರಾರ್ಥನೆಗೆ ಮೊದಲು 14 ಚಾರ್ಜ್‌ಗೆ, ಊಟದ ಹೊತ್ತಿಗೆ ಇನ್ನು 14.

ಚಾರ್ಜರ್‌ಗಳದ್ದು ಇನ್ನೊಂದು ಕಥೆ. ಪಿನ್ ಕೂತರೂ ಕೆಲವು ಲ್ಯಾಪ್‌ಟಾಪ್ ಬೇರೆ ಚಾರ್ಜರ್ ಹಾಕಿದರೆ ಆನ್ ಆಗುತ್ತವೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ. ಚೀಟಿ ಅಂಟಿಸಿದೆ, ವಾರದಲ್ಲಿ ಕಿತ್ತುಹೋದವು. ಕೊನೆಗೆ ಹಿಂದಿ ಮೇಡಂ ನೇಲ್ ಪಾಲಿಶ್ ತಂದುಕೊಟ್ಟರು. ಲ್ಯಾಪ್‌ಟಾಪ್‌ಗೂ ಅದರ ಚಾರ್ಜರ್‌ಗೂ ಒಂದೇ ನಂಬರ್ ಬರೆದೆವು. ಇವತ್ತಿಗೂ ಅಳಿಸಿಲ್ಲ.

"ಸರ, ನಂದ್ರಾಗ ಒಂದೂ ಸೈಟ್ ತೆರಿವಲ್ದು" ಅಂತ ನಾಲ್ಕು ಮಕ್ಕಳು ಬಂದರು. ಇಂಟರ್ನೆಟ್ ಸರಿಯಾಗೇ ಇತ್ತು. ಒಳಗಿನ ಬಟನ್ ಸೆಲ್ ಸತ್ತು ತಾರೀಖು ಹತ್ತು ವರ್ಷ ಹಿಂದಕ್ಕೆ ಹೋಗಿತ್ತು. ತಾರೀಖು ತಪ್ಪಿದ್ದರೆ ಬ್ರೌಸರ್ ಯಾವ ಸೈಟನ್ನೂ ನಂಬುವುದಿಲ್ಲ. ಸಣ್ಣ ಸೆಲ್ ಬದಲಿಸಿದರೆ ಮುಗಿಯಿತು, ಆದರೆ ಅದು ಹೊಳೆಯಲು ನನಗೆ ಎರಡು ದಿನ ಬೇಕಾಯಿತು.

ಪೆರುವಿನಲ್ಲಿ "ಒಂದು ಮಗುವಿಗೆ ಒಂದು ಲ್ಯಾಪ್‌ಟಾಪ್" ಯೋಜನೆ ದೊಡ್ಡದಾಗಿ ನಡೆಯಿತು. 2012ರಲ್ಲಿ ಬಂದ ಅಧ್ಯಯನದಲ್ಲಿ ಮಕ್ಕಳ ಗಣಿತ, ಭಾಷೆ ಸುಧಾರಿಸಿದ್ದು ಕಾಣಲಿಲ್ಲ. ಅದನ್ನು ಮೊದಲೇ ಓದಿದ್ದರಿಂದ, ಪೆಟ್ಟಿಗೆ ಬಿಚ್ಚುವ ಮುಂಚೆಯೇ ಮೊದಲ ತಿಂಗಳ ಪಾಠ ಬರೆದಿಟ್ಟುಕೊಂಡಿದ್ದೆ. ಮೊದಲ ವಾರ ಪೂರ್ತಿ ಕನ್ನಡ ಟೈಪಿಂಗ್. ಕನ್ನಡ ಟೈಪ್ ಮಾಡುವ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೇ ಇದೆ, ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರೆ ಸಾಕು. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು ಅನ್ನುವುದು ತಲೆಗೆ ಹತ್ತಿದ ಮೇಲೆ "ಅಕ್ಕ", "ಅಮ್ಮ", "ಅಜ್ಜ" ಅಂತ ಮನೆಮಂದಿಯನ್ನೆಲ್ಲ ಬರೆದರು.

ಮನೆಗೆ ಕೊಡಬೇಕಾ ಬೇಡವಾ ಅನ್ನುವುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಪಾಲಕರ ಸಭೆಯಲ್ಲಿ ಒಬ್ಬ ತಾಯಿ, "ನಮ್ಮ ಮನ್ಯಾಗ ಇಡಾಕ ಜಾಗಿಲ್ರಿ, ಮಳಿ ಬಂದ್ರ ಸೋರತೈತಿ, ನೀವ ಇಟ್ಕೋರಿ" ಅಂದರು. ಬಲವಂತ ಮಾಡಲಿಲ್ಲ. ಈಗ ಶನಿವಾರ ಬೇಕಾದವರು ಒಯ್ಯುತ್ತಾರೆ, ಸುಮಾರು ಅರ್ಧ ಮಕ್ಕಳು. ಇದುವರೆಗೆ ಒಂದರ ಹಿಂಜ್ ಮುರಿದಿದೆ, ಅದೂ ಶಾಲೆಯಲ್ಲೇ, ನನ್ನ ಮೇಜಿನಿಂದ ಬಿದ್ದು.

ಹೀಗೆ ಒಯ್ದ ಹುಡುಗನೊಬ್ಬ ಡೇರಿಯ ಚೀಟಿಗಳನ್ನೆಲ್ಲ ಕ್ಯಾಲ್ಕ್‌ನಲ್ಲಿ (ಎಕ್ಸೆಲ್‌ನಂಥದ್ದು) ಹಾಕಿಕೊಂಡು ಬಂದ. ಒಂದು ತಿಂಗಳ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ). ಬೆಳಗಿನದೂ ಸಂಜೆಯದೂ ಬೇರೆ ಬೇರೆ ಸರಾಸರಿ. ಸಂಜೆ ಹಾಲಿನ ಫ್ಯಾಟ್ ಜಾಸ್ತಿ ಇದೆ, ಯಾಕೆ ಸರ ಅಂದ. ನನಗೆ ಗೊತ್ತಿರಲಿಲ್ಲ, ಡೇರಿ ಸೆಕ್ರೆಟರಿಯನ್ನೇ ಕೇಳು ಅಂದೆ. ಸೋಮವಾರ ಬಂದು ಇಡೀ ತರಗತಿಗೆ ಹೇಳಿದ: ಬೆಳಗ್ಗೆ ಹಿಂಡಿದ ಮೇಲೆ ಸಂಜೆಗೆ ಹೊತ್ತು ಕಡಿಮೆ, ಹಾಲು ಕಡಿಮೆ, ಅದಕ್ಕೇ ಗಟ್ಟಿ. ಹಿಂದಿನ ಬೆಂಚಿನ ಇಬ್ಬರು ಆಗಲೇ ತಮ್ಮ ಮನೆಯ ಚೀಟಿಗೆ ಹೊಸ ಶೀಟ್ ತೆರೆಯುತ್ತಿದ್ದರು.